ಬೋರ್ಡ್ ಗೇಮ್‌ಗೆ ಹೊಸ ಥೀಮ್ ಹುಡುಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಯಾವ ಥೀಮ್‌ಗಳು ಸವೆದುಹೋಗಿವೆ?

ಮಧ್ಯಯುಗದ ಯುರೋಪಿನ ವ್ಯಾಪಾರಿಗಳು, ಕೋಟೆ, ಡ್ರ್ಯಾಗನ್, ಮಂತ್ರವಾದಿ, ಜೊಂಬಿ, ಕಡಲ್ಗಳ್ಳರು, ರೈಲು ಮಾರ್ಗ, ಬಾಹ್ಯಾಕಾಶ ಸಾಮ್ರಾಜ್ಯ, ಎರಡನೇ ಮಹಾಯುದ್ಧ. ಇವುಗಳಲ್ಲೂ ಒಳ್ಳೆಯ ಆಟಗಳಿವೆ, ಇನ್ನೂ ಬರುತ್ತವೆ. ಆದರೆ ನೀವು ಹೊಸಬರಾಗಿದ್ದು ಜೊಂಬಿ ಆಟ ಹಿಡಿದು ಹೊರಟರೆ ನೂರಾರು ಜೊಂಬಿ ಆಟಗಳ ಪಕ್ಕದಲ್ಲೇ ನಿಲ್ಲಬೇಕಾಗುತ್ತದೆ.

ಗೊತ್ತಿದ್ದೂ ಪಬ್ಲಿಷರ್‌ಗಳು ಅವನ್ನೇ ಏಕೆ ಹಿಡಿದುಕೊಂಡಿದ್ದಾರೆ?

ಡ್ರ್ಯಾಗನ್ ಎಂದರೇನು ಎಂದು ಯಾರಿಗೂ ವಿವರಿಸಬೇಕಿಲ್ಲ, ಅದಕ್ಕೆ. ಪೆಟ್ಟಿಗೆ ನೋಡಿದೊಡನೆ ಯಾರನ್ನು ಹೊಡೆಯಬೇಕು, ಏನು ದೋಚಬೇಕು ಎಂಬುದು ಅರ್ಧ ತಿಳಿದುಹೋಗಿರುತ್ತದೆ. ಹೊಸ ವಿಷಯ ತಂದರೆ ವಿಷಯವನ್ನೂ ಕಲಿಸಬೇಕು, ನಿಯಮವನ್ನೂ ಕಲಿಸಬೇಕು. ಈ ಹೊರೆ ಸಣ್ಣದಲ್ಲ.

ಆದರೂ 2019ರಲ್ಲಿ ಬಂದ 'ವಿಂಗ್‌ಸ್ಪ್ಯಾನ್' ನೋಡಿ. ವಿನ್ಯಾಸಕಿ ಎಲಿಜಬೆತ್ ಹಾರ್ಗ್ರೇವ್‌ಗೆ ಹಕ್ಕಿ ನೋಡುವ ಹವ್ಯಾಸ. ಆಟದಲ್ಲಿ 170 ಹಕ್ಕಿ ಕಾರ್ಡ್, ಒಂದೊಂದಕ್ಕೂ ಅದರದೇ ಆಹಾರ, ಗೂಡು, ನೆಲೆ. ಅದೇ ವರ್ಷ ಜರ್ಮನಿಯ ಪ್ರತಿಷ್ಠಿತ 'ಕೆನರ್‌ಶ್ಪೀಲ್ ಡೆಸ್ ಯಾರೆಸ್' ಪ್ರಶಸ್ತಿ ಅದಕ್ಕೆ ಬಂತು. ಬೋರ್ಡ್ ಗೇಮ್ ಮುಟ್ಟಿಯೂ ನೋಡದ ಪಕ್ಷಿಪ್ರಿಯರು ಅದನ್ನು ಕೊಂಡರು. ಹೊಸ ಥೀಮ್‌ನಿಂದ ಆಗುವ ಲಾಭ ಇದೇ: ಆಟಗಾರರಲ್ಲದವರೂ ಮೇಜಿಗೆ ಬರುತ್ತಾರೆ.

ಥೀಮ್ ಎಂದರೆ ಮೇಲೆ ಬಳಿದ ಬಣ್ಣ ತಾನೆ? ಬದಲಿಸಿದರೂ ಆಟ ಅದೇ ಅಲ್ಲವೇ?

ಕೆಲವು ಆಟಗಳ ಮಟ್ಟಿಗೆ ನಿಜ. 1979ರ 'ಡ್ಯೂನ್' ಬೋರ್ಡ್ ಗೇಮ್‌ನ ವ್ಯವಸ್ಥೆಯನ್ನೇ ಇಟ್ಟುಕೊಂಡು 2012ರಲ್ಲಿ 'ರೆಕ್ಸ್' ಎಂಬ ಆಟ ಬಂತು. ಮರಳುಗಾಡು ಹೋಗಿ ಮುತ್ತಿಗೆಗೆ ಸಿಕ್ಕ ರಾಜಧಾನಿ ನಗರ ಬಂತು, ಎಲುಬು ಮಾತ್ರ ಅದೇ.

ಆದರೆ ಪೀಟರ್ ಪ್ರಿಂಜ್ ಅವರ 'ಥೀಬ್ಸ್' ಆಟವನ್ನು ಹಾಗೆ ಕಿತ್ತು ಬೇರೆಡೆ ನೆಡಲಾಗದು. ಅದು ಪುರಾತತ್ವ ಉತ್ಖನನದ ಆಟ. ಪ್ರತಿ ಉತ್ಖನನ ಸ್ಥಳಕ್ಕೂ ಒಂದೊಂದು ಬಟ್ಟೆ ಚೀಲ. ಅದರಲ್ಲಿ ನಿಧಿಯ ಟೋಕನ್‌ಗಳ ಜೊತೆ ಬರೀ ಮಣ್ಣಿನ ಟೋಕನ್‌ಗಳೂ ಇರುತ್ತವೆ. ನೀವು ಎಷ್ಟು ಓದಿಕೊಂಡು ಬಂದಿದ್ದೀರಿ, ಎಷ್ಟು ವಾರ ಅಗೆಯುತ್ತೀರಿ ಎಂಬುದರ ಮೇಲೆ ಎಷ್ಟು ಟೋಕನ್ ಎತ್ತಬಹುದು ಎಂಬುದು ನಿರ್ಧಾರವಾಗುತ್ತದೆ. ಸಿಕ್ಕ ನಿಧಿ ನಿಮ್ಮದು, ಮಣ್ಣು ಮಾತ್ರ ಚೀಲಕ್ಕೇ ವಾಪಸ್. ಹೀಗಾಗಿ ಮೊದಲು ಅಗೆದವರಿಗೆ ಒಳ್ಳೆಯ ಸರಕು, ತಡವಾಗಿ ಬಂದವರಿಗೆ ಕೈತುಂಬ ಮಣ್ಣು. ಹೆಚ್ಚು ಓದಿಕೊಂಡು ಬರೋಣವೆಂದು ತಡ ಮಾಡಿದರೆ ಬೇರೊಬ್ಬರು ಅಗೆದು ಹೋಗಿರುತ್ತಾರೆ. ಪುರಾತತ್ವದ ಚರಿತ್ರೆಯಲ್ಲಿ ನಡೆದ ಪೈಪೋಟಿಯೇ ಒಂದು ಚೀಲದೊಳಗೆ ಬಂದು ಕೂತಿದೆ. ನಿಯಮಪುಸ್ತಕದಲ್ಲಿ ಇದಕ್ಕೆ ಬೇಕಾದದ್ದು ಒಂದೇ ಸಾಲು.

ಒಂದು ವಿಷಯ ಆಟವಾಗುತ್ತದೋ ಇಲ್ಲವೋ ಎಂದು ಮೊದಲೇ ತಿಳಿಯುವುದು ಹೇಗೆ?

"ಈ ವಿಷಯ ಚೆನ್ನಾಗಿದೆ" ಎಂಬುದು ಸಾಲದು. ಆ ಕೆಲಸ ಮಾಡುವವರಿಗೆ ಎಲ್ಲಿ ಇಕ್ಕಟ್ಟಾಗುತ್ತದೆ ಎಂದು ಕೇಳಿ. ಅವರ ಬಳಿ ಏನು ಸಾಲದು? ನಿರ್ಧಾರ ಮಾಡುವ ಹೊತ್ತಿಗೆ ಅವರಿಗೆ ಯಾವುದು ಗೊತ್ತಿರುವುದಿಲ್ಲ? ಒಂದನ್ನು ಉಳಿಸಿಕೊಳ್ಳಲು ಯಾವುದನ್ನು ಬಿಡುತ್ತಾರೆ? ಉತ್ತರ ಸಿಕ್ಕರೆ ಅಲ್ಲೇ ನಿಮ್ಮ ಮುಖ್ಯ ನಿಯಮ ಇದೆ. ಸಿಗದಿದ್ದರೆ ಆ ವಿಷಯದ ಮೇಲೆ ಚಂದದ ಚಿತ್ರಪುಸ್ತಕ ಬರಬಹುದು, ಆಟ ಬಾರದು.

2017ರ 'ಫೋಟೋಸಿಂಥೆಸಿಸ್' ಆಟದ ವಿಷಯ ಮರ ಬೆಳೆಯುವುದು. ಕೇಳಲು ನೀರಸ. ಆದರೆ ಮರಕ್ಕೂ ಇಕ್ಕಟ್ಟಿದೆ: ಬೆಳಕು. ಆ ಆಟದಲ್ಲಿ ಸೂರ್ಯ ಬೋರ್ಡಿನ ಸುತ್ತ ಸರಿಯುತ್ತಾ ಹೋಗುತ್ತದೆ. ಚಿಕ್ಕ ಮರದ ನೆರಳು ಒಂದು ಮನೆ, ಮಧ್ಯಮದ್ದು ಎರಡು, ದೊಡ್ಡದು ಮೂರು. ತನ್ನಷ್ಟೇ ಅಥವಾ ತನಗಿಂತ ಎತ್ತರದ ಮರದ ನೆರಳಿಗೆ ಸಿಕ್ಕ ಮರಕ್ಕೆ ಆ ಸುತ್ತಿನಲ್ಲಿ ಬೆಳಕಿನ ಅಂಕ ಇಲ್ಲ. ಹಸಿರು ಹಸಿರಾಗಿ ಕಾಣುವ ಆ ಆಟದಲ್ಲಿ ನಡೆಯುವುದು ಕತ್ತು ಹಿಸುಕುವ ಕೆಲಸ.

ಸರಿ, ಕೈ ಹಾಕಬಹುದಾದ ಒಂದು ವಿಷಯ ಹೇಳಿ.

ಸಮುದ್ರದಡಿಯ ಟೆಲಿಗ್ರಾಫ್ ಕೇಬಲ್. ನನಗೆ ಇದಕ್ಕಿಂತ ಆಟಕ್ಕೆ ಹೇಳಿಮಾಡಿಸಿದ ಕಥೆ ಕಂಡಿಲ್ಲ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಅಟ್ಲಾಂಟಿಕ್ ದಾಟಿದ ಮೊದಲ ಕೇಬಲ್ ಕೆಲಸ ಮಾಡತೊಡಗಿದ್ದು 1858ರಲ್ಲಿ. ವಿಕ್ಟೋರಿಯಾ ರಾಣಿಯ 98 ಪದಗಳ ಸಂದೇಶ ಆಚೆ ದಡ ಮುಟ್ಟಲು ಸುಮಾರು 16 ಗಂಟೆ ಹಿಡಿಯಿತು. ಸಂಕೇತ ಬಲವಾಗಲೆಂದು ಹೆಚ್ಚು ವೋಲ್ಟೇಜ್ ಹಾಯಿಸಿದರು. ಮೊದಲೇ ದುರ್ಬಲವಾಗಿದ್ದ ಕೇಬಲ್ ಕೆಲವೇ ವಾರಗಳಲ್ಲಿ ಸತ್ತಿತು. 1865ರಲ್ಲಿ 'ಗ್ರೇಟ್ ಈಸ್ಟರ್ನ್' ಎಂಬ ದೈತ್ಯ ಹಡಗು ಹೊಸ ಕೇಬಲ್ ಇಳಿಸುತ್ತಾ ಹೊರಟಿತು. ಸಾವಿರ ಮೈಲಿಗೂ ಹೆಚ್ಚು ಇಳಿಸಿದ ಮೇಲೆ ಅದು ತುಂಡಾಗಿ ಸಾಗರದ ತಳ ಸೇರಿತು. ಮರುವರ್ಷ ಅದೇ ಹಡಗು ಇನ್ನೊಂದು ಕೇಬಲನ್ನು ಐರ್ಲೆಂಡಿನಿಂದ ನ್ಯೂಫೌಂಡ್‌ಲ್ಯಾಂಡ್‌ವರೆಗೆ ಯಶಸ್ವಿಯಾಗಿ ಎಳೆಯಿತು. ಅಷ್ಟಕ್ಕೇ ಬಿಡದೆ ನಡುಸಾಗರಕ್ಕೆ ಮರಳಿ, ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಕೊಕ್ಕೆ ಇಳಿಬಿಟ್ಟು, ಹಿಂದಿನ ವರ್ಷ ಕಳೆದುಹೋದ ತುದಿಯನ್ನು ಮೇಲೆತ್ತಿ, ಉಳಿದ ಕೇಬಲ್ ಜೋಡಿಸಿ ಮುಗಿಸಿತು.

ಈಗ ಇಕ್ಕಟ್ಟು ಎಲ್ಲಿದೆ ನೋಡಿ. ಕೇಬಲ್ ಸಡಿಲ ಬಿಟ್ಟರೆ ದಡ ಮುಟ್ಟುವ ಮೊದಲೇ ಮುಗಿದುಹೋಗುತ್ತದೆ. ಬಿಗಿ ಹಿಡಿದರೆ ತುಂಡಾಗುತ್ತದೆ. ತಳದ ಆಳ ಕಾಣದು. ಹಾಗಾದರೆ ಪ್ರತಿ ಸರದಿಯಲ್ಲೂ ಆಟಗಾರರು ಎಷ್ಟು ಕೇಬಲ್ ಬಿಡಬೇಕೆಂದು ಮೊದಲು ಗುಟ್ಟಾಗಿ ತೀರ್ಮಾನಿಸಲಿ, ಆಮೇಲೆ ಸಮುದ್ರತಳದ ಟೈಲ್ ತಿರುಗಿಸಲಿ. ಹಡಗಿನಲ್ಲಿ ಸದಾ ವಿದ್ಯುತ್ ಪರೀಕ್ಷೆ ನಡೆಯುತ್ತಿತ್ತು. ದೋಷ ಕಂಡರೆ ಇಳಿಸಿದ್ದನ್ನೇ ಮೇಲೆಳೆದು ಹುಡುಕಬೇಕು. ಅದನ್ನು "ಹಿಂದಕ್ಕೆ ಹೋಗುವೆಯೋ, ಕಣ್ಣುಮುಚ್ಚಿ ಮುಂದುವರಿಯುವೆಯೋ" ಎಂಬ ಆಯ್ಕೆಯಾಗಿಸಿ. ದಡ ಮುಟ್ಟಿದ ಮೇಲೆ ಎರಡನೇ ಘಟ್ಟ: ವೋಲ್ಟೇಜ್ ಏರಿಸಿದರೆ ಹೆಚ್ಚು ಸಂದೇಶ, ಹೆಚ್ಚು ಹಣ, ಜೊತೆಗೆ ಕೇಬಲಿನ ಆಯುಷ್ಯ ಕಡಿತ. ತುಂಡಾದ ಕೇಬಲ್ ಬೋರ್ಡಿನ ಮೇಲೇ ಬಿದ್ದಿರಲಿ, ಯಾರು ಬೇಕಾದರೂ ಕೊಕ್ಕೆ ಹಾಕಿ ಎತ್ತಿಕೊಳ್ಳಲಿ. ಸೋತವರ ಆಸ್ತಿ ಮತ್ತೊಬ್ಬರಿಗೆ ಗೆಲುವಿನ ದಾರಿಯಾಗುವುದು ಮೇಜಿನ ಮೇಲೆ ಯಾವಾಗಲೂ ಮಜಾ ಕೊಡುತ್ತದೆ.

ಇನ್ನೂ ಕೆಲವು?

ಸಿಡುಬು ನಿರ್ಮೂಲನೆ. ಮ್ಯಾಟ್ ಲೀಕಾಕ್ ಅವರ 'ಪ್ಯಾಂಡೆಮಿಕ್' (2008) ಆದಮೇಲೆ ರೋಗದ ಆಟಗಳು ಸಾಕಷ್ಟು ಬಂದವು. ಬಹುತೇಕ ಎಲ್ಲದರಲ್ಲೂ ರೋಗ ಕಣ್ಣೆದುರೇ ಇರುತ್ತದೆ, ಓಡಿಹೋಗಿ ಒರೆಸಬೇಕು. ಸಿಡುಬಿನದು ಬೇರೆಯೇ ಆಟ. 1967ರಿಂದ ತೀವ್ರಗೊಂಡ ಅಭಿಯಾನದಲ್ಲಿ ಎಲ್ಲರಿಗೂ ಲಸಿಕೆ ಹಾಕುವುದಕ್ಕಿಂತ, ರೋಗಿಯನ್ನು ಪತ್ತೆಹಚ್ಚಿ ಅವರ ಸುತ್ತಲಿನವರಿಗೆ ಲಸಿಕೆ ಹಾಕಿ ಬೇಲಿ ಕಟ್ಟುವ ತಂತ್ರ ಫಲ ಕೊಟ್ಟಿತು. ಅಂದರೆ ಹುಡುಕುವುದೇ ಆಟ. ಗಾಳಿಸುದ್ದಿಯ ಕಾರ್ಡ್‌ಗಳಲ್ಲಿ ಕೆಲವು ನಿಜ, ಕೆಲವು ಬರೀ ಸೀತಾಳೆ ಸಿಡುಬು. ಅಂತ್ಯವಂತೂ ವಿಚಿತ್ರ: ಸಹಜವಾಗಿ ಬಂದ ಕೊನೆಯ ಪ್ರಕರಣ 1977ರಲ್ಲಿ, ಘೋಷಣೆ 1980ರಲ್ಲಿ. ನಡುವಿನ ಕಾಲವೆಲ್ಲ "ಇನ್ನೆಲ್ಲೂ ಇಲ್ಲ" ಎಂದು ಸಾಬೀತು ಮಾಡುವುದರಲ್ಲೇ ಕಳೆಯಿತು. ಗೆದ್ದಿದ್ದೀರೋ ಇಲ್ಲವೋ ಗೊತ್ತಿಲ್ಲದೆ ಹುಡುಕುತ್ತಲೇ ಇರಬೇಕಾದ ಕೊನೆಯ ಘಟ್ಟ ಎಷ್ಟು ಆಟಗಳಲ್ಲಿದೆ?

ಹವಾಮಾನ ಮುನ್ಸೂಚನೆಯೂ ಒಳ್ಳೆಯದು. ಮಳೆ ಬರುತ್ತದೆಂದು ಹೇಳಿ ಬಾರದಿದ್ದರೆ ನಗೆಪಾಟಲು, ಹೇಳದೆ ಬಂದರೆ ಅನಾಹುತ. ನಿಮ್ಮ ಮಾತಿಗೆ ಜನ ಕೊಡುವ ಬೆಲೆಯೇ ನಿಮ್ಮ ಬಂಡವಾಳ. ಪತ್ರಿಕಾ ಕಚೇರಿಯ ರಾತ್ರಿ ಡೆಸ್ಕ್: ಪುಟದ ಜಾಗ ಮೊದಲೇ ನಿಗದಿ, ದೊಡ್ಡ ಸುದ್ದಿ ಬರುವುದು ಪುಟ ಕಟ್ಟಿದ ಮೇಲೆ. ನಾಟಕದ ರಂಗದ ಹಿಂಭಾಗ, ಹಳೆಯ ವರ್ಣಚಿತ್ರಗಳ ದುರಸ್ತಿ, ಬೀಜ ಸಂಗ್ರಹಾಲಯ, ಅಣೆಕಟ್ಟಿನ ಗೇಟು ತೆರೆಯುವವರ ಸಂಕಟ. ಎಲ್ಲದರಲ್ಲೂ ಒಂದು ಗಂಟು ಇದೆ. ಬಿಡಿಸುವ ಕೆಲಸ ನಿಮಗೇ ಬಿಟ್ಟೆ.

ವಿಜ್ಞಾನದ ವಿಷಯ ತಂದರೆ ಕ್ವಿಜ್ ಆಗಿಬಿಡುವುದಿಲ್ಲವೇ?

ಪ್ರಶ್ನೆ ಕೇಳಿ ಅಂಕ ಕೊಟ್ಟರೆ ಆಗುತ್ತದೆ. ಕೇಳಬೇಡಿ. 2017ರ 'ಸೈಟೋಸಿಸ್' ಆಟದಲ್ಲಿ ಇಡೀ ಬೋರ್ಡೇ ಒಂದು ಜೀವಕೋಶ. ಅದರ ಬೇರೆ ಬೇರೆ ಭಾಗಗಳಿಗೆ ಕೆಲಸಗಾರ ಕಾಯಿ ಕಳಿಸಿ ಕಿಣ್ವ, ಹಾರ್ಮೋನ್ ತಯಾರಿಸುತ್ತೀರಿ. ರೈಬೋಸೋಮ್ ಏನು ಮಾಡುತ್ತದೆಂದು ಅದು ನಿಮ್ಮನ್ನು ಕೇಳುವುದೇ ಇಲ್ಲ. ಆಟ ಮುಗಿಯುವ ಹೊತ್ತಿಗೆ ನಿಮಗೆ ಗೊತ್ತಿರುತ್ತದೆ.

ಸಾವು, ಯುದ್ಧ, ಅನ್ಯಾಯದಂಥ ವಿಷಯಗಳನ್ನು ಆಟ ಮಾಡುವುದು ಸರಿಯೇ?

ಹೊಸ ಚಾಳಿಯೇನಲ್ಲ. ಬ್ರಿಟನ್ನಿನಲ್ಲಿ ಮತದಾನದ ಹಕ್ಕಿಗಾಗಿ ಹೋರಾಡುತ್ತಿದ್ದ ಮಹಿಳೆಯರು 1908ರ ಸುಮಾರಿಗೇ 'ಸಫ್ರಜೆಟೊ' ಎಂಬ ಆಟ ತಂದಿದ್ದರು. ಒಂದು ಕಡೆ ಹೋರಾಟಗಾರ್ತಿಯರು, ಇನ್ನೊಂದು ಕಡೆ ಪೊಲೀಸರು. ಹೋರಾಟಗಾರ್ತಿಯರು ಸಂಸತ್ತಿಗೆ ನುಗ್ಗಬೇಕು, ಪೊಲೀಸರು ಅವರ ಸಭೆ ಕೆಡಿಸಬೇಕು.

ಪ್ರಶ್ನೆ ವಿಷಯದ್ದಲ್ಲ, ಆಟಗಾರನನ್ನು ಎಲ್ಲಿ ನಿಲ್ಲಿಸುತ್ತೀರಿ ಎಂಬುದರದ್ದು. 2015ರ 'ದ ಗ್ರಿಜಲ್ಡ್' ಮೊದಲ ಮಹಾಯುದ್ಧದ ಕಂದಕಗಳ ಆಟ, ಆದರೆ ಅದರಲ್ಲಿ ಕೊಲ್ಲಲು ಶತ್ರುವಿನ ಕಾಯಿಯೇ ಇಲ್ಲ. ಮಳೆ, ಹಿಮ, ಇರುಳು, ಶೆಲ್, ವಿಷಾನಿಲ ಮುಂತಾದವನ್ನು ಗೆಳೆಯರು ಸೇರಿ ತಾಳಿಕೊಂಡು ಮನೆಗೆ ಮರಳಬೇಕು. 'ಹೋಲ್ಡಿಂಗ್ ಆನ್' (2018) ಆಟದಲ್ಲಿ ನೀವು ಸಾಯುತ್ತಿರುವ ರೋಗಿಯೊಬ್ಬರ ದಾದಿಯರು. ಅವರನ್ನು ಉಳಿಸುವುದು ಗುರಿಯೇ ಅಲ್ಲ. ಅವರ ನೆನಪುಗಳನ್ನು ಕೂಡಿಸುವಷ್ಟು ದಿನ ನೆಮ್ಮದಿಯಾಗಿ ಇಡಬೇಕು.

ಬ್ರೆಂಡಾ ರೊಮೆರೊ 2009ರಲ್ಲಿ ಮಾಡಿದ 'ಟ್ರೇನ್' ಇನ್ನೂ ಮುಂದೆ ಹೋಯಿತು. ಹಳದಿ ಕಾಯಿಗಳನ್ನು ರೈಲು ಡಬ್ಬಿಗೆ ತುಂಬಿ ಗುರಿ ಮುಟ್ಟಿಸಬೇಕು. ಆ ಗುರಿ ನಾಜಿಗಳ ಸಾವಿನ ಶಿಬಿರ ಆಶ್ವಿಟ್ಜ್ ಎಂದು ಗೊತ್ತಾಗುವುದು ಕೊನೆಗೆ. ಅದು ಮಾರಾಟಕ್ಕೆ ಮಾಡಿದ್ದಲ್ಲ, ಇರುವುದೇ ಒಂದು ಪ್ರತಿ. ಈ ಚಮತ್ಕಾರವನ್ನು ನೀವು ಮತ್ತೆ ಮಾಡಲು ಹೋಗಬೇಡಿ. ಮೋಸಹೋದ ಆಟಗಾರ ಎರಡನೇ ಸಲ ಕೂರುವುದಿಲ್ಲ.

ವಸಾಹತುಶಾಹಿ ಕಾಲದ ಆಟಗಳ ಬಗ್ಗೆ ಇಷ್ಟೊಂದು ತಕರಾರು ಏಕೆ?

2002ರ 'ಪೋರ್ಟೊ ರಿಕೊ' ನಿಯಮಗಳ ದೃಷ್ಟಿಯಿಂದ ಅದ್ಭುತ ಆಟ. ಅದರಲ್ಲಿ ಹಡಗಿನಿಂದಿಳಿದು ಕಬ್ಬಿನ ತೋಟಕ್ಕೆ ಹೋಗುವ ಕಂದು ಬಣ್ಣದ ಬಿಲ್ಲೆಗಳಿಗೆ "ವಸಾಹತುಗಾರರು" ಎಂದು ಹೆಸರು. ಅವರು ನಿಜಕ್ಕೂ ಯಾರೆಂದು ಚರಿತ್ರೆ ಓದಿದವರಿಗೆಲ್ಲ ಗೊತ್ತು. 2022ರಲ್ಲಿ ಬಂದ 'ಪೋರ್ಟೊ ರಿಕೊ 1897' ಕಾಲವನ್ನೇ ಮುಂದಕ್ಕೆ ಸರಿಸಿ, ಗುಲಾಮಗಿರಿ ರದ್ದಾದ ನಂತರದ ದ್ವೀಪವನ್ನು ಆರಿಸಿಕೊಂಡಿತು.

ಇನ್ನೊಂದು ದಾರಿ 'ಸ್ಪಿರಿಟ್ ಐಲ್ಯಾಂಡ್' (2017) ಹಿಡಿದದ್ದು. ಅಲ್ಲಿ ನೀವು ದ್ವೀಪದ ಶಕ್ತಿಗಳು. ಹಡಗು ಹತ್ತಿ ಬಂದವರು ನೆಲ ಹುಡುಕುತ್ತಾರೆ, ಊರು ಕಟ್ಟುತ್ತಾರೆ, ಹಾಳುಗೆಡವುತ್ತಾರೆ. ಈ ಮೂರನ್ನೂ ಪ್ರತಿ ಸುತ್ತು ತಪ್ಪದೆ ಮಾಡುತ್ತಾರೆ. ಬೇರೆ ಆಟಗಳಲ್ಲಿ ನಾವು ಖುಷಿಯಿಂದ ಮಾಡುವ ಕೆಲಸವೇ ಅದು, ಇಲ್ಲಿ ಎದುರು ಬದಿಯಿಂದ ಕಾಣುತ್ತದೆ. ಸವೆದ ಥೀಮ್ ಅನ್ನು ಹೊಸದು ಮಾಡಲು ಒಮ್ಮೊಮ್ಮೆ ಕುರ್ಚಿ ಬದಲಿಸಿದರೂ ಸಾಕು.

ವಿಡಿಯೋ ಗೇಮ್ ಅನ್ನು ಬೋರ್ಡಿಗೆ ತರುವಾಗ ಮೊದಲು ಏನು ನೋಡಬೇಕು?

ಕಂಪ್ಯೂಟರ್ ತೆರೆಮರೆಯಲ್ಲಿ ಏನೇನು ಲೆಕ್ಕ ಮಾಡುತ್ತಿದೆ ಎಂದು. ಆ ಲೆಕ್ಕವನ್ನೆಲ್ಲ ಇನ್ನು ಮೇಲೆ ನಾಲ್ಕು ಜನ ಕೈಯಲ್ಲಿ ಮಾಡಬೇಕು. ಪರದೆಯ ಮೇಲಿದ್ದ ಶತ್ರು, ಆಯುಧ, ನಕ್ಷೆ ಎಲ್ಲವನ್ನೂ ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದು ದೊಡ್ಡ ಪೆಟ್ಟಿಗೆಗೆ ತುಂಬುವವರೇ ಹೆಚ್ಚು. ಅಂಥ ಆಟದಲ್ಲಿ ಒಂದು ಗುಂಡು ಹಾರಿಸಲು ಮೂರು ಪಟ್ಟಿ ನೋಡಬೇಕಾಗುತ್ತದೆ.

ಕಾರ್ಡ್‌ಗಳಿಂದಲೇ ಹೋರಾಡುವ 'ಸ್ಲೇ ದ ಸ್ಪೈರ್' ಮಾಡಿದ್ದನ್ನು ಗಮನಿಸಿ. ವಿಡಿಯೋ ಗೇಮ್‌ನಲ್ಲಿ ಮೊದಲ 'ಸ್ಟ್ರೈಕ್' ಕಾರ್ಡಿನ ಹೊಡೆತ 6. 2024ರಲ್ಲಿ ಆಟಗಾರರ ಕೈಸೇರಿದ ಬೋರ್ಡ್ ಗೇಮ್‌ನಲ್ಲಿ ಅದೇ ಕಾರ್ಡಿನ ಹೊಡೆತ 1. ಎಲ್ಲ ಅಂಕಿಗಳೂ ಬೆರಳಲ್ಲಿ ಎಣಿಸುವಷ್ಟು ಕುಗ್ಗಿವೆ. ಸುತ್ತಿಗೊಮ್ಮೆ ಒಂದೇ ದಾಳ ಉರುಳಿಸುತ್ತಾರೆ, ಹಲವು ಶತ್ರುಗಳ ಮುಂದಿನ ನಡೆ ಅದರಲ್ಲೇ ತೀರ್ಮಾನ. ಆದರೆ ಕಾರ್ಡ್ ಆರಿಸುವಾಗಿನ ತಳಮಳ, ಯಾವ ದಾರಿ ಹಿಡಿಯಬೇಕೆಂಬ ಗೊಂದಲ ಹಾಗೇ ಉಳಿದಿದೆ. ಮೇಲಾಗಿ ನಾಲ್ವರು ಸೇರಿ ಆಡಬಹುದು. ಅಂದಹಾಗೆ, ಆಡುತ್ತಾಡುತ್ತಲೇ ಡೆಕ್ (ತನ್ನದೇ ಕಾರ್ಡ್‌ಗಳ ಕಟ್ಟು) ಕಟ್ಟುವ ಈ ಬಗೆಯನ್ನು ಜನಪ್ರಿಯಗೊಳಿಸಿದ್ದು 2008ರ 'ಡೊಮಿನಿಯನ್' ಎಂಬ ಕಾರ್ಡ್ ಆಟ. ಮೇಜಿನಿಂದ ಪರದೆಗೆ ಹೋದದ್ದು ಮೇಜಿಗೇ ಮರಳಿತು.

'ಮೈನ್‌ಕ್ರಾಫ್ಟ್: ಬಿಲ್ಡರ್ಸ್ ಆ್ಯಂಡ್ ಬಯೋಮ್ಸ್' (2019) ಇನ್ನೂ ಧೈರ್ಯ ತೋರಿತು. ಆ ವಿಶಾಲ ಜಗತ್ತನ್ನು ನಕಲು ಮಾಡುವ ಗೋಜಿಗೇ ಹೋಗದೆ, 64 ಮರದ ಬ್ಲಾಕ್‌ಗಳನ್ನು ನಾಲ್ಕು ಪದರದ ಘನವಾಗಿ ಮೇಜಿನ ನಡುವೆ ಇಟ್ಟಿತು. ಆಟಗಾರರು ಅದನ್ನು ಅಗೆದು ತೆಗೆಯುತ್ತಾ ಹೋಗುತ್ತಾರೆ. ಪದರ ಖಾಲಿಯಾದರೆ ಅಂಕದ ಎಣಿಕೆ. ಅಗೆಯುವ ಸುಖ, ಸಮಯದ ಗಡಿಯಾರ ಎರಡೂ ಆ ಒಂದು ಗುಡ್ಡೆಯಲ್ಲೇ ಬಂದುಬಿಟ್ಟವು.

ವೇಗವೇ ಜೀವಾಳವಾದ ವಿಡಿಯೋ ಗೇಮ್‌ಗಳನ್ನು ತರಬಹುದೇ?

ಬೆರಳಿನ ಚುರುಕನ್ನು ತರಲಾಗದು, ಗಾಬರಿಯನ್ನು ತರಬಹುದು. 'ಸ್ಪೇಸ್ ಅಲರ್ಟ್' (2008) ಹತ್ತು ನಿಮಿಷದ ಧ್ವನಿಮುದ್ರಿಕೆ ಓಡುತ್ತಿರುವಾಗಲೇ ಎಲ್ಲರೂ ಸೇರಿ ಯೋಜನೆ ಹಾಕಬೇಕೆನ್ನುತ್ತದೆ. 2015ರ 'ಎಕ್ಸ್‌ಕಾಮ್' ಬೋರ್ಡ್ ಗೇಮ್ ಆ ಕೆಲಸವನ್ನು ಆ್ಯಪ್‌ಗೆ ವಹಿಸಿತು.

ಇನ್ನೊಂದು ತುದಿಯಲ್ಲಿ 'ಇಂಟು ದ ಬ್ರೀಚ್' (2018) ಇದೆ. 8×8 ಮನೆಗಳ ಬೋರ್ಡು, ಶತ್ರು ಎಲ್ಲಿ ಹೊಡೆಯಲಿದ್ದಾನೆಂದು ಮೊದಲೇ ತೋರಿಸುತ್ತದೆ, ನೀವು ಅವನನ್ನು ತಳ್ಳಿ ಗುರಿ ತಪ್ಪಿಸಬೇಕು. ಪರದೆಯ ಮೇಲೆ ಹುಟ್ಟಿದ್ದರೂ ಸ್ವಭಾವದಲ್ಲಿ ಬೋರ್ಡ್ ಗೇಮೇ. ಇಂಥವನ್ನು ಮೊದಲು ಹುಡುಕಿ.

ಥೀಮ್ ಬಿಟ್ಟು ವಿಡಿಯೋ ಗೇಮ್‌ನ ಉಪಾಯ ಮಾತ್ರ ತೆಗೆದುಕೊಂಡರೆ?

ನನ್ನ ಮಟ್ಟಿಗೆ ಅದೇ ಜಾಣತನ. 'ರಿಟರ್ನ್ ಆಫ್ ದ ಒಬ್ರಾ ಡಿನ್' (2018) ಎಂಬ ಪತ್ತೇದಾರಿ ಆಟದಲ್ಲಿ ಹಡಗಿನ 60 ಜನರಿಗೆ ಏನಾಯಿತೆಂದು ಊಹಿಸಬೇಕು. ಒಂದೊಂದೇ ಉತ್ತರ ಸರಿಯೇ ಎಂದು ಅದು ಹೇಳುವುದಿಲ್ಲ, ಮೂರು ಸರಿಯಾದಾಗ ಮಾತ್ರ ಮೂರನ್ನೂ ಒಟ್ಟಿಗೆ ಖಚಿತಪಡಿಸುತ್ತದೆ. ಹೀಗಾಗಿ ಕಣ್ಣುಮುಚ್ಚಿ ಉತ್ತರ ಹೇಳಿ ನೋಡುವವರಿಗೆ ದಾರಿ ಮುಚ್ಚಿದೆ. ಈ "ಮೂರಕ್ಕೊಮ್ಮೆ" ಉಪಾಯ ಯಾವ ಪತ್ತೇದಾರಿ ಬೋರ್ಡ್ ಗೇಮ್‌ಗೂ ಹೊಂದುತ್ತದೆ. ಕಷ್ಟ ಇರುವುದು ಪರೀಕ್ಷಿಸುವ ಕಡೆ: ಕಂಪ್ಯೂಟರ್ ಇಲ್ಲದೆ, ಉತ್ತರ ಬಯಲಾಗದಂತೆ "ಮೂರೂ ಸರಿ" ಎನ್ನುವವರು ಯಾರು? ಪ್ರತಿ ಉತ್ತರಕ್ಕೂ ಒಂದು ಅಂಕಿ ಕೊಟ್ಟು, ಮೂರರ ಮೊತ್ತ ಪುಸ್ತಕದ ಹಿಂದಿನ ಪಟ್ಟಿಯಲ್ಲಿದ್ದರೆ ಸರಿ ಎನ್ನಬಹುದು. ಇಲ್ಲವೇ ಒಬ್ಬ ಆಟಗಾರನಿಗೆ ಗುಟ್ಟು ಹೇಳಿ ತೀರ್ಪುಗಾರನಾಗಿಸಬಹುದು.

ಇದಕ್ಕೆಲ್ಲ ಅನುಮತಿ ಬೇಡವೇ?

ಹೆಸರು, ಪಾತ್ರ, ಚಿತ್ರ, ಸಂಗೀತ ಬಳಸುವುದಾದರೆ ಲೈಸೆನ್ಸ್ ಬೇಕೇ ಬೇಕು. ಆಟದ ಉಪಾಯಕ್ಕೆ ಸಾಮಾನ್ಯವಾಗಿ ಕಾಪಿರೈಟ್ ಇಲ್ಲ, ಅದನ್ನು ತೋರಿಸಿದ ರೂಪಕ್ಕೆ ಇದೆ. ಈ ಎರಡರ ನಡುವಿನ ಗೆರೆ ತೆಳುವಾದದ್ದು. 2012ರಲ್ಲಿ ಅಮೆರಿಕದ ನ್ಯಾಯಾಲಯವೊಂದು ಟೆಟ್ರಿಸ್ ಕಂಪನಿ ಹೂಡಿದ ದಾವೆಯಲ್ಲಿ, ನಿಯಮಗಳನ್ನು ಯಾರೂ ಬಳಸಬಹುದಾದರೂ ತುಂಡುಗಳ ನೋಟ, ಅಂಕಣದ ಅಳತೆ ಮೊದಲಾದವನ್ನು ಹಾಗೇ ಎತ್ತಿಕೊಂಡದ್ದು ತಪ್ಪು ಎಂದು ತೀರ್ಪು ಕೊಟ್ಟಿತು. ಅತ್ತ 2014ರ 'ಪ್ಯಾಚ್‌ವರ್ಕ್' ಚೌಕಗಳು ಕೂಡಿದ ತುಂಡುಗಳನ್ನೇ ಬಟ್ಟೆಯ ತೇಪೆಗಳನ್ನಾಗಿ ಮಾಡಿ, ಗುಂಡಿಗಳನ್ನೇ ಹಣವಾಗಿಸಿ, ತನ್ನದೇ ಆಟವಾಗಿ ನಿಂತಿತು. ಮಾರಾಟಕ್ಕೆ ಇಳಿಯುವ ಮುನ್ನ ವಕೀಲರನ್ನು ಕಾಣಿ.

ಅಪರೂಪದ ವಿಷಯಕ್ಕೆ ಎಷ್ಟು ಅಧ್ಯಯನ ಮಾಡಬೇಕು?

ಆ ಕೆಲಸ ಮಾಡುವವರ ಜೊತೆ ಕೂತು ಮಾತಾಡುವಷ್ಟು. ನೀವು ಓದಿದ್ದರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಆಟದೊಳಗೆ ಬರಬಾರದು.

ಚಿತ್ರ ಬಿಡಿಸುವವರನ್ನು ಯಾವಾಗ ಕರೆಯಬೇಕು?

ತಡವಾಗಿ. ರಟ್ಟು, ಪೆನ್ನು, ಹಳೆಯ ಆಟದ ಕಾಯಿಗಳಲ್ಲೇ ಥೀಮ್ ನಿಲ್ಲಬೇಕು.

ಥೀಮ್ ಹತ್ತಿತೋ ಇಲ್ಲವೋ ಎಂದು ಪರೀಕ್ಷೆಯಲ್ಲಿ ಹೇಗೆ ತಿಳಿಯುತ್ತದೆ?

ಆಡುವವರ ಬಾಯಿಗೆ ಕಿವಿಗೊಡಿ, ನೀವು ಮಾತಾಡಬೇಡಿ. "ಎರಡು ನೀಲಿ ಕೊಟ್ಟು ಒಂದು ಕೆಂಪು ತಗೊಂಡೆ" ಎನ್ನುತ್ತಿದ್ದರೆ ನಿಮ್ಮ ಕೇಬಲ್ ಬರೀ ಬಣ್ಣದ ಕಡ್ಡಿ. "ಅಯ್ಯೋ, ಬಿಡು ಬಿಡು, ಬಿಗಿಯಾಯ್ತು, ತುಂಡಾಗುತ್ತೆ" ಎಂದು ಪಕ್ಕದವರು ಕೂಗಿದರೆ ಹತ್ತಿದೆ. ಯಾವ ನಿಯಮವನ್ನು ಜನ ಪ್ರತಿ ಸಲ ಮರೆಯುತ್ತಾರೋ ಅದನ್ನು ಬರೆದಿಟ್ಟುಕೊಳ್ಳಿ. ವಿಷಯದೊಳಗಿಂದ ಹುಟ್ಟಿದ ನಿಯಮ ಸಾಮಾನ್ಯವಾಗಿ ಮರೆಯುವುದಿಲ್ಲ. ಪದೇ ಪದೇ ಮರೆಯುವುದನ್ನು ಒಮ್ಮೆ ತೆಗೆದುಹಾಕಿ ಆಡಿಸಿ. ಯಾರೂ ಕೇಳದಿದ್ದರೆ ಮತ್ತೆ ಸೇರಿಸಬೇಡಿ.